ಮುಚ್ಚಳ ಬರುವ ದಿನ

ಅತಿಥಿಗಳು ಬರುವ ದಿನ ಮಾತ್ರ ಗರಗಸಕ್ಕೆ ಮುಚ್ಚಳ ಬರುತ್ತಿತ್ತು.

ಮಿಕ್ಕ ದಿನಗಳಲ್ಲಿ ಅದು ಯಜಮಾನನ ಕೋಣೆಯ ಬೀರುವಿನಲ್ಲಿ, ಗಾಜಿನ ಲೋಟಗಳ ಕೆಳಗಿನ ಖಾನೆಯಲ್ಲಿ, ಹಳೆಯ ಟವೆಲ್ಲು ಸುತ್ತಿಕೊಂಡು ಬೆಚ್ಚಗೆ ಮಲಗಿರುತ್ತಿತ್ತು. ಕೆಲಸಗಾರರು ಬುತ್ತಿ ಇಡುವುದಕ್ಕೆ ಒಂದು ಗೂಡಿರಲಿಲ್ಲ, ಮುಚ್ಚಳಕ್ಕೆ ಬೀರು ಇತ್ತು. ದೊಡ್ಡ ಅಂಗಡಿಯವರು ಮೇಜು ಕುರ್ಚಿಗೆ ಆರ್ಡರು ಕೊಡುವ ಮೊದಲು ಕಾರ್ಖಾನೆ ನೋಡಿ ಹೋಗಲು ಬರುತ್ತಾರೆ. ಅವರೇ ಅತಿಥಿಗಳು. ಅವರು ಬರುತ್ತಾರೆ ಎಂದರೆ ಮೇಸ್ತ್ರಿ ಬೆಳಿಗ್ಗೆಯೇ ಟವೆಲ್ಲಿನ ಗಂಟನ್ನು ಹಸುಗೂಸಿನಂತೆ ಎತ್ತಿಕೊಂಡು ಬರುತ್ತಿದ್ದ. ಒಳಗೆ ಮೂರು ಸಾಮಾನು. ತಿರುಗುವ ಬ್ಲೇಡಿನ ಮೇಲೆ ಕೂರುವ ಮುಚ್ಚಳ. ಬ್ಲೇಡಿನ ಬೆನ್ನಿಗೆ ನಿಲ್ಲುವ ಉಕ್ಕಿನ ತಗಡು. ಎರಡನ್ನೂ ಬಿಗಿಯುವ ಸ್ಪ್ಯಾನರು. ಆ ಸ್ಪ್ಯಾನರು ಮಷೀನಿನ ಜೊತೆಯಲ್ಲೇ ಬಂದದ್ದು, ಅದರ ಬಾಯಿಯ ಅಳತೆಯೇ ಬೇರೆ. ಕಾರ್ಖಾನೆಯ ಬೇರೆ ಯಾವ ಸ್ಪ್ಯಾನರೂ ಆ ನಟ್ಟಿಗೆ ಕೂರುತ್ತಿರಲಿಲ್ಲ.

ಇವತ್ತು ಇದನ್ನೆಲ್ಲ ಅವಳು ಮರದ ಶೆಡ್ಡಿನ ಒಳಗಿನಿಂದ ನೋಡುತ್ತಿದ್ದಳು. ಮರ ಒಣಗಲು ಗಾಳಿ ಆಡಬೇಕೆಂದು ಶೆಡ್ಡಿನ ಗೋಡೆಗೂ ಬಾಗಿಲಿಗೂ ಪಟ್ಟಿ ಹೊಡೆದು ನಡುವೆ ಸಂದು ಬಿಟ್ಟಿದ್ದರು. ಹೊರಗಿನಿಂದ ಚಿಲಕ ಹಾಕಿತ್ತು.

ಹೋದ ಸಲ ಅತಿಥಿಗಳು ಬಂದಾಗ ಅವಳು ಹೊರಗಿದ್ದಳು. ಗರಗಸದ ಹಿಂದೆ ನಿಂತು, ಸೀಳಿ ಬರುವ ಹಲಗೆಯನ್ನು ಹಿಡಿದುಕೊಳ್ಳುವ ಕೆಲಸ ಅವಳದು. ಅವತ್ತು ಅವಳಿಗೆ ಹೊಸ ಅಂಗಿ ಕೊಟ್ಟಿದ್ದರು, ಕಣ್ಣಿಗೆ ಕನ್ನಡಕ ಕೊಟ್ಟಿದ್ದರು, ಸಂಜೆ ಎರಡನ್ನೂ ವಾಪಸ್ಸು ಇಸಿದುಕೊಂಡಿದ್ದರು. ಒಬ್ಬ ಅತಿಥಿ ಅವಳ ಫೋಟೊ ಕೂಡ ತೆಗೆದಿದ್ದ. ಆಗ ಅವಳ ಬೆರಳೆಲ್ಲ ಇದ್ದವು. ಈಗ ಎಡಗೈಯಲ್ಲಿ ತೋರುಬೆರಳೂ ಇಲ್ಲ, ನಡುಬೆರಳೂ ಇಲ್ಲ.

ಬೆರಳಿಲ್ಲದವರು ಅತಿಥಿಗಳ ಕಣ್ಣಿಗೆ ಬೀಳಬಾರದು. ಅದು ಆ ಕಾರ್ಖಾನೆಯ ಪದ್ಧತಿ. ಬೆಳಿಗ್ಗೆ ಹಾಜರಿ ಆದ ಕೂಡಲೇ ಮೇಸ್ತ್ರಿ ಎಲ್ಲರ ಕೈ ನೋಡುತ್ತಾನೆ. ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಆರಿಸುತ್ತಾನೆ. ನೆಟ್ಟಗಿರುವವು ಮುಂದಕ್ಕೆ, ಹುಳುಕು ಶೆಡ್ಡಿಗೆ. ಕಾರುಗಳು ಹೋಗುವವರೆಗೆ ಕೆಮ್ಮುವ ಹಾಗಿಲ್ಲ.

ಒಳಗಿದ್ದವರು ಬೆಳಗಿನಿಂದ ನೀರು ಕುಡಿದಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗುವುದಕ್ಕೆ ಜಾಗವಿಲ್ಲ. ಹೆಬ್ಬೆಟ್ಟಣ್ಣ ತಡೆಯಲಾರದೆ ಹಲಗೆಯ ರಾಶಿಯ ಹಿಂದೆ ಹೋಗಿ ಬಂದ. ಬಂದು ಯಾರ ಮುಖವನ್ನೂ ನೋಡಲಿಲ್ಲ. ಅವನಿಗೆ ಬಲಗೈಯ ಹೆಬ್ಬೆಟ್ಟಿಲ್ಲ, ಅದಕ್ಕೇ ಆ ಹೆಸರು. ಪಾಲಿಶ್ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕಳು. ಅವಳ ಬೆರಳುಗಳೆಲ್ಲ ಇದ್ದವು, ಮೇಲಿನ ಚರ್ಮ ಇರಲಿಲ್ಲ. ಪಾಲಿಶಿನ ಎಣ್ಣೆ ಅದನ್ನು ತಿಂದುಹಾಕಿತ್ತು.

“ಕೂತ್ಕೊಳ್ಳೆ,” ಎಂದಳು ಅತ್ತೆ. “ಮೊದಲನೇ ಸಲ ಅಲ್ವಾ, ಅದಕ್ಕೇ ಒದ್ದಾಡ್ತಿದೀಯ. ನೆರಳಿದೆ, ಕೆಲಸ ಇಲ್ಲ. ನಮ್ಮಂಥೋರಿಗೆ ಸಿಗೋ ರಜ ಇದು.”

“ಚಿಲಕ ಹೊರಗಿದೆಯಲ್ಲ ಅತ್ತೆ.”

“ಕೊಡೋರು ಕೊಡೋ ರಜ ಹಾಗೇನೆ ಇರುತ್ತೆ.”

ಅವಳು ಕೂರಲಿಲ್ಲ. ಗರಗಸದ ಹಿಂದೆ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ, ಅದೇ ಹೊಸ ಅಂಗಿ ತೊಟ್ಟು ಅವಳ ತಂಗಿ ನಿಂತಿದ್ದಳು.

ಗರಗಸದ ಮುಂದೆ ನಿಂತು ಮರ ತಳ್ಳುವವನು ಅಲ್ಲಿನ ಹಳಬ, ಎಲ್ಲರ ಬಾಯಲ್ಲೂ ದೊಡ್ಡಣ್ಣ. ಅವನು ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದು ಕರೆಂಟು ತೆಗೆದ. ಬ್ಲೇಡಿನ ಬೆನ್ನಿಗೆ ತಗಡು ನಿಲ್ಲಿಸಿ, ಎರಡೂ ಒಂದೇ ಗೆರೆಯಲ್ಲಿವೆಯೇ ಎಂದು ನೇರವಾದ ಪಟ್ಟಿಯೊಂದನ್ನು ಆನಿಸಿ ನೋಡಿದ. ಮರ ಒರಗಿಕೊಂಡು ಸಾಗುವ ಉದ್ದನೆಯ ಕಬ್ಬಿಣದ ಗೈಡನ್ನು ಸರಿಸಿ, ಆ ತುದಿಯಲ್ಲೂ ಈ ತುದಿಯಲ್ಲೂ ಬ್ಲೇಡಿಗೆ ಒಂದೇ ಅಂತರ ಬರುವಂತೆ ಬಿಗಿದ. ಬ್ಲೇಡನ್ನು ಇಳಿಸಿ, ಹಲಗೆಯ ಮೇಲೆ ಹಲ್ಲು ಮಾತ್ರ ಇಣುಕುವಷ್ಟು ಬಿಟ್ಟ. ಮೇಲೆ ಮುಚ್ಚಳ ಕೂರಿಸಿದ. ಕೈ ಬ್ಲೇಡಿನ ಹತ್ತಿರ ಹೋಗದ ಹಾಗೆ ಮರದ ಕೊನೆಯನ್ನು ತಳ್ಳುವ ಕೋಲನ್ನು ಪಕ್ಕದ ಮೊಳೆಗೆ ತಗುಲಿಸಿದ. ಅಷ್ಟಕ್ಕೆ ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಅಷ್ಟೇ ಹೊತ್ತು. ಅಷ್ಟು ಹೊತ್ತನ್ನು ದಿನಾ ಕೊಟ್ಟಿದ್ದರೆ ಈ ಶೆಡ್ಡಿನಲ್ಲಿ ಬರೀ ಮರ ಇರುತ್ತಿತ್ತು.

“ನೋಡಮ್ಮ, ಎಳೀಬಾರ್ದು,” ಎಂದು ದೊಡ್ಡಣ್ಣ ತಂಗಿಗೆ ಹೇಳುವುದು ಕೇಳಿಸಿತು. “ಮರ ತಾನಾಗೇ ಬರುತ್ತೆ, ಬಂದಿದ್ದನ್ನ ಹಿಡ್ಕೋ ಅಷ್ಟೆ. ಬ್ಲೇಡಿನ ನೇರಕ್ಕೆ ನಿಲ್ಬೇಡ, ಪಕ್ಕಕ್ಕೆ ನಿಲ್ಲು. ಸಿಕ್ಕಾಕ್ಕೊಂಡ್ರೆ ಕೈ ಬಿಟ್ಬಿಡು. ಮರ ಹಾಳಾದ್ರೆ ಹಾಳಾಗ್ಲಿ.”

“ಇವತ್ತಿಗೆ ಮಾತ್ರಾನಾ ದೊಡ್ಡಣ್ಣ, ನಾಳೆಗೂನಾ?”

ದೊಡ್ಡಣ್ಣ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಖಾಲಿ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಆಚೆ ಹೋದ.

ಅಕ್ಕನ ಕೈ ಹೋದದ್ದು ಹಸಿ ಮರದಲ್ಲಿ. ಅವತ್ತು ಲಾರಿಯಿಂದ ಇಳಿದ ಮರವನ್ನು ಶೆಡ್ಡಿಗೆ ಹಾಕದೆ ಸೀದಾ ಗರಗಸಕ್ಕೆ ತಂದರು. ಒಣಗಲಿ ಎಂದು ದೊಡ್ಡಣ್ಣ ಹೇಳಿದ. “ಅದು ಒಣಗೋವರ್ಗೂ ನಿನ್ನ ಹೊಟ್ಟೆ ಒಣಗಿಸ್ಲಾ?” ಎಂದ ಮೇಸ್ತ್ರಿ. ಒಂದರ ಮೇಲೊಂದು ಜೋಡಿ ಹಲಗೆ ಇಟ್ಟು ಕೊಯ್ದರೆ ಕೆಲಸ ಬೇಗ ಆಗುತ್ತದೆ. ಜೋಡಿ ಹಲಗೆ ಮುಚ್ಚಳದ ಕೆಳಗೆ ಹೋಗುವುದಿಲ್ಲ, ಆದ್ದರಿಂದ ಮುಚ್ಚಳ ಬೀರುವಿನಲ್ಲಿತ್ತು. ಮುಚ್ಚಳದ ಜೊತೆಗೆ ತಗಡೂ ಬೀರುವಿನಲ್ಲಿತ್ತು. ಹಸಿ ಮರ ಸೀಳಿದ ಮೇಲೆ ಸೀಳು ಮತ್ತೆ ಕೂಡಿಕೊಳ್ಳುತ್ತದೆ, ಕೂಡಿಕೊಂಡು ಬ್ಲೇಡನ್ನು ಕಚ್ಚುತ್ತದೆ. ಅದನ್ನು ತಡೆಯುವುದಕ್ಕೇ ಆ ತಗಡು ಇರುವುದು. “ಎಳಿ, ಎಳಿಯೇ, ನಿದ್ದೆ ಮಾಡ್ತಿದೀಯಾ?” ಎಂದು ಮೇಸ್ತ್ರಿ ಕೂಗುತ್ತಿದ್ದ. ಅವಳು ಎರಡೂ ಕೈಯಲ್ಲಿ ಎಳೆದಳು. ಮರ ಕಚ್ಚಿತು. ಬ್ಲೇಡು ಹಲಗೆಯನ್ನು ಬಂದ ದಾರಿಗೇ ತಿರುಗಿ ಎಸೆಯಿತು. ಹಲಗೆಯ ಜೊತೆ ಅದನ್ನು ಹಿಡಿದಿದ್ದ ಕೈಯೂ ಬ್ಲೇಡಿನ ಕಡೆಗೆ ಹೋಯಿತು.

ಮೇಸ್ತ್ರಿ ಮೊದಲು ಮಾಡಿದ ಕೆಲಸ ರಕ್ತದ ಮೇಲೆ ಮರದ ಪುಡಿ ಎರಚಿದ್ದು. ಅವಳ ಕೈಗೆ ಬಟ್ಟೆ ಸುತ್ತಿದ್ದು ಆಮೇಲೆ. ಆಸ್ಪತ್ರೆಯಲ್ಲಿ “ಮನೇಲಿ ಸೌದೆ ಸೀಳ್ತಿದ್ಲಂತೆ ಡಾಕ್ಟ್ರೆ” ಎಂದವನೂ ಅವನೇ. ಗಾಯ ಆರಿ ಕೆಲಸಕ್ಕೆ ಬಂದಾಗ ಅವಳಿಗೆ ಹೊಸ ಹೆಸರು ಕಾದಿತ್ತು. “ಏ ಮೋಟಿ, ಈ ಕೈ ಇನ್ನೇನೂ ಹಿಡಿಯಲ್ಲ. ಹೆಗಲಿದೆಯಲ್ಲ, ಹಲಗೆ ಹೊರು. ಗರಗಸದ ಹಿಂದೆ ಜಾಗ ಖಾಲಿ ಇದೆ, ತಂಗೀನ ಕಳ್ಸು.”

ಖಾಲಿ ಇದೆಯಂತೆ. ಬೆರಳು ಬಿದ್ದ ಜಾಗವನ್ನು ಗುಡಿಸಿಬಿಟ್ಟರೆ ಖಾಲಿ ಆಗುತ್ತದಲ್ಲ, ಹಾಗೆ.

ತಂಗಿಯನ್ನು ಯಾರೂ ಕಳಿಸಬೇಕಾಗಲಿಲ್ಲ. ಒಲೆ ಉರಿಯಬೇಕಿತ್ತು. ಜಡೆಯನ್ನು ಗಟ್ಟಿಯಾಗಿ ಸುತ್ತಿ ಕಟ್ಟಿಕೊಂಡು, ಬಳೆ ತೆಗೆದಿಟ್ಟು, ಅವಳೇ ಹೊರಟಳು. ಅಂದಿನಿಂದ ಅಕ್ಕ ಹಲಗೆ ಹೊತ್ತು ಗರಗಸದ ಪಕ್ಕ ಹಾಯುವಾಗಲೆಲ್ಲ ತಂಗಿಯ ಕೈ ನೋಡುತ್ತಿದ್ದಳು. ಊಟಕ್ಕೆ ಕೂತರೆ ತಟ್ಟೆ ನೋಡುವ ಮೊದಲು ತಂಗಿಯ ಕೈ. “ಏನಕ್ಕ, ಎಣಿಸ್ತಿದೀಯಾ?” ಎಂದು ತಂಗಿ ಬೆರಳೆಲ್ಲ ಅಗಲಿಸಿ ತೋರಿಸಿ ನಗುತ್ತಿದ್ದಳು. “ಇವೆ, ಎಲ್ಲ ಇವೆ. ಊಟ ಮಾಡು.” ಅಕ್ಕನಿಗೆ ನಗು ಬರುತ್ತಿರಲಿಲ್ಲ. ಆ ಬೆರಳುಗಳು ಹೋಗುವುದು ಯಾವ ದಿನ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಮಿಕ್ಕದ್ದೆಲ್ಲ ಗೊತ್ತಿತ್ತು.

ಅತಿಥಿಗಳು ಬಂದರು. ಬಿಳಿಯ ಟೊಪ್ಪಿಗೆ, ಧೂಳು ಕಾಣದ ಬೂಟು. ಮುಚ್ಚಳದ ಫೋಟೊ ತೆಗೆದರು. ತಳ್ಳುವ ಕೋಲಿನ ಫೋಟೊ ತೆಗೆದರು. ಯಜಮಾನ ತಂಗಿಯ ಹೆಗಲ ಮೇಲೆ ಕೈಯಿಟ್ಟು, “ಇವರೆಲ್ಲ ನಮ್ಮ ಮನೆ ಮಕ್ಕಳ ಥರ” ಎಂದ. ತಂಗಿ ಹೆಗಲನ್ನು ಸ್ವಲ್ಪ ಕೆಳಗೆ ಮಾಡಿಕೊಂಡಳು. ಗರಗಸ ಓಡಿತು. ಹಲಗೆ ಮುಚ್ಚಳದ ಕೆಳಗೆ ಹೋಗಿ, ತಗಡಿನ ಎರಡು ಪಕ್ಕದಲ್ಲಿ ಎರಡಾಗಿ ಈಚೆ ಬಂತು. ಕಚ್ಚಲಿಲ್ಲ, ಹಾರಲಿಲ್ಲ. ತಂಗಿಯ ಕೈ ಬ್ಲೇಡಿನಿಂದ ಮಾರು ದೂರದಲ್ಲೇ ಇತ್ತು. ಶೆಡ್ಡಿನೊಳಗೆ ಅವಳಿಗೆ ಅಳು ಬಂತು. ಇಷ್ಟು ಸುಲಭವಾಗಿತ್ತಲ್ಲ ಎಂದು ಬಂತು.

ಆಮೇಲೆ ಒಬ್ಬ ಅತಿಥಿ ಗುಂಪು ಬಿಟ್ಟು ಶೆಡ್ಡಿನ ಹತ್ತಿರ ಬಂದ. ಯಜಮಾನ ಹಿಂದೆಯೇ ಓಡಿ ಬಂದ.

“ಇಲ್ಲೇನಿದೆ?”

“ಮರ ಸಾರ್. ಒಣಗೋಕೆ ಇಟ್ಟಿದೀವಿ.”

ಅವಳು ಯೋಚನೆ ಮಾಡಲಿಲ್ಲ. ಎಡಗೈಯನ್ನು ಸಂದಿನಿಂದ ಹೊರಗೆ ಚಾಚಿದಳು. ಅತ್ತೆ ಹಿಂದಿನಿಂದ ಅವಳ ರವಿಕೆ ಹಿಡಿದೆಳೆದಳು, ಅವಳು ಕೈ ತೆಗೆಯಲಿಲ್ಲ. ಅತಿಥಿಯ ಕಣ್ಣು ನೇರ ಆ ಕೈ ಮೇಲೆ ಬಿತ್ತು. ಬೆರಳಿರಬೇಕಾದ ಜಾಗದಲ್ಲಿ ಅದು ನಿಂತಿತು. ಆಮೇಲೆ ಅವನು ಯಜಮಾನನ ಕಡೆ ತಿರುಗಿದ.

“ಒಳ್ಳೇ ಗಾಳಿ ಇದೆ ಅಲ್ವಾ ಇಲ್ಲಿ? ಮರಕ್ಕೆ ಒಳ್ಳೇದು,” ಎಂದ.

ಅವಳು ಕೈ ಒಳಗೆಳೆದುಕೊಂಡಳು. ಮೈಯೆಲ್ಲ ಉರಿಯಿತು. ಭಿಕ್ಷೆಗೆ ಚಾಚಿದ ಹಾಗೆ ಚಾಚಿದೆನಲ್ಲ, ಅದೂ ಇಂಥವನ ಮುಂದೆ ಎಂದು ತನ್ನ ಮೇಲೇ ಅಸಹ್ಯ ಬಂತು.

“ನೋಡಿದ ಅತ್ತೆ. ನೋಡೇ ಹೋದ.”

“ಮತ್ತೆ? ನಿನ್ನ ಕೈ ಕೊಂಡ್ಕೊಳ್ಳೋಕೆ ಬಂದಿದ್ನಾ? ಮೇಜು ಕೊಂಡ್ಕೊಳ್ಳೋಕೆ ಬಂದಿದ್ದು.”

ಕಾರುಗಳು ಹೋದವು. ಮೇಸ್ತ್ರಿ ಬುಟ್ಟಿ ಹಿಡಿದು ಬಂದು ಕನ್ನಡಕ, ಅಂಗಿ ಎಲ್ಲ ಇಸಿದುಕೊಂಡ. ಬೀರುವಿನಿಂದ ಸ್ಪ್ಯಾನರು ತಂದು ಗರಗಸದ ಮೇಜಿನ ಮೇಲೆ ಟಣ್ಣನೆ ಇಟ್ಟ. “ಮುಚ್ಚಳ ಬಿಚ್ಚು ದೊಡ್ಡಣ್ಣ. ಸಂಜೆಗೆ ಲಾರಿ ಬರುತ್ತೆ, ಜೋಡಿ ಹಲಗೆ ಹೊಡಿಬೇಕು. ಅಷ್ಟರಲ್ಲಿ ಈ ಮುದಿ ದನಗಳ ಪಿಂಜರಾಪೋಲಿನ ಬಾಗಿಲು ತೆಗೀತೀನಿ.”

ಚಿಲಕ ಸರಿಯಿತು. ಬಾಗಿಲು ಒಳಗಡೆಗೆ ತೆರೆಯುವಂಥದ್ದು. ಅವಳು ಹೆಗಲು ಕೊಟ್ಟು ನಿಂತಳು. ಹೆಗಲಿದೆಯಲ್ಲ ಎಂದಿದ್ದನಲ್ಲ, ಅದೇ ಹೆಗಲು.

“ಏ, ಯಾರದು? ತೆಗೀರಿ!”

“ತೆಗಿಯಲ್ಲ,” ಎಂದಳು.

“ಮೋಟಿ? ತಲೆ ಕೆಟ್ಟಿದೆಯೇನೆ ನಿಂಗೆ? ಅತಿಥಿಗಳು ಹೋದ್ರು, ಹೊರಗೆ ಬಾ.”

“ಅವರು ಬಂದಾಗ ಇದ್ದ ಮುಚ್ಚಳ ಅವರು ಹೋದ ಮೇಲೂ ಇರಲಿ. ಸ್ಪ್ಯಾನರು ನಿನ್ನ ಬೀರುಲಿ ಬೇಡ, ಗರಗಸದ ಹಿಂದೆ ನಿಲ್ಲೋರ ಹತ್ರ ಇರಲಿ. ಅಲ್ಲೀವರ್ಗೂ ಇಲ್ಲಿಂದ ಒಂದು ಹಲಗೆ ಹೊರಗೆ ಬರಲ್ಲ.”

ಅವಳ ಹಿಂದೆ ಕೂತಿದ್ದ ಹೆಬ್ಬೆಟ್ಟಣ್ಣ ಕೈ ಮುಗಿದ. “ಬೇಡ ಕಣಮ್ಮ. ಈ ಕೈ ಇಟ್ಕೊಂಡು ಬೇರೆ ಕಡೆ ಯಾರು ಕೆಲಸ ಕೊಡ್ತಾರೆ? ಹೊಟ್ಟೆ ಮೇಲೆ ಹೊಡಕೊಂಡ ಹಾಗಾಗುತ್ತೆ.”

“ಅಣ್ಣ, ಹೊರಗೆ ಇರೋದೆಲ್ಲ ಹಸಿ ಮರ. ಒಣಗಿದ್ದು ಪೂರ್ತಿ ನಿನ್ನ ಬೆನ್ನ ಹಿಂದೆ ಇದೆ. ನಮ್ಮನ್ನ ಬಚ್ಚಿಡೋಕೆ ಅವರಿಗೆ ಬೇರೆ ಜಾಗ ಸಿಗಲಿಲ್ಲ, ನಾವೇನ್ ಮಾಡೋಣ? ನಾಳೆ ನನ್ನ ತಂಗೀನೂ ಇಲ್ಲಿಗೇ ತಂದು ಹಾಕ್ತಾರೆ. ಆಮೇಲೆ ನಿನ್ನ ಮಗಳನ್ನ ಕೇಳ್ತಾರೆ, ಜಾಗ ಖಾಲಿ ಇದೆ ಅಂತ.”

ಹೆಬ್ಬೆಟ್ಟಣ್ಣ ತಿರುಗಿ ಬೆನ್ನ ಹಿಂದಿನ ರಾಶಿ ನೋಡಿದ. ಎದ್ದದ್ದು ಪಾಲಿಶ್ ಅತ್ತೆ. ಸೆರಗು ಬಿಗಿದು ಒಂದು ದಪ್ಪ ತೊಲೆಯ ತುದಿ ಹಿಡಿದಳು. “ಏಳೋ ಮಾರಾಯ. ಬೆಳಗಿಂದ ಕೂತು ಕಾಲು ಜೋಮು ಹಿಡಿದಿದೆ,” ಎಂದಳು. ಅವನು ಎದ್ದು ಇನ್ನೊಂದು ತುದಿ ಹಿಡಿದ. ಮಿಕ್ಕವರೂ ಎದ್ದರು. ತೊಲೆಯ ಮೇಲೆ ತೊಲೆ ಸೊಂಟದ ಮಟ್ಟಕ್ಕೆ ಬಾಗಿಲಿಗೆ ಒತ್ತಿ ನಿಂತಿತು. ಅರ್ಧಂಬರ್ಧ ಕೈಗಳು ಅಷ್ಟು ಮರವನ್ನು ಅಷ್ಟು ಬೇಗ ಎತ್ತಿಟ್ಟದ್ದನ್ನು ಮೇಸ್ತ್ರಿ ಕಂಡಿದ್ದರೆ ಜೋಡಿ ಕೆಲಸ ಹೇಳುತ್ತಿದ್ದನೋ ಏನೋ.

ಯಜಮಾನ ಬಂದ. ಮೊದಲು ಬೆಣ್ಣೆ. “ಏನಮ್ಮ ಇದು, ಮನೆ ಮಕ್ಕಳ ಥರ ನೋಡ್ಕೊಂಡಿದೀನಿ. ಆ ಕೈ ಇಟ್ಕೊಂಡು ಬಂದಾಗ್ಲೂ ಇಲ್ಲ ಅನ್ನಲಿಲ್ಲ.”

“ಮನೆ ಮಕ್ಕಳನ್ನ ನೆಂಟರು ಬಂದಾಗ ಶೆಡ್ಡಿಗೆ ಹಾಕ್ತೀರಾ ಯಜಮಾನ್ರೆ?”

ಬೆಣ್ಣೆ ಕರಗಿತು. ಎಲ್ಲರನ್ನೂ ಬೀದಿಗೆ ಹಾಕುತ್ತೇನೆ ಎಂದ. ಪೊಲೀಸರನ್ನು ಕರೆಸುತ್ತೇನೆ ಎಂದ. ಬಾಗಿಲನ್ನು ಒದ್ದ, ಬೂಟಿನೊಳಗೆ ಕಾಲು ನೊಂದಿತು, ಇನ್ನಷ್ಟು ಸಿಟ್ಟು ಬಂತು. ಬಾಗಿಲು ಒಡೆದು ಹಾಕೋಣವೆಂದರೆ ಒಳಗೆ ತೊಲೆಗಳ ಗೋಡೆಯೇ ಎದ್ದಿತ್ತು. ಕೊನೆಗೆ ಗರಗಸದ ಕಡೆ ತಿರುಗಿ, “ಏ ಹುಡುಗಿ, ಬಾ ಇಲ್ಲಿ. ನಿಮ್ಮಕ್ಕಂಗೆ ನೀನೇ ಬುದ್ಧಿ ಹೇಳು. ಇಲ್ಲಾಂದ್ರೆ ನಿನಗೂ ನಾಳೆಯಿಂದ ಕೆಲಸ ಇಲ್ಲ,” ಎಂದ.

ತಂಗಿ ಬಂದಳು. ಬರುವಾಗ ಗರಗಸದ ಮೇಜನ್ನು ಸುತ್ತಿಕೊಂಡು ಬಂದಳು. ಕೈಯೆರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು, ಅಳುವವಳ ಹಾಗೆ. ಬಾಗಿಲಿಗೆ ಹಣೆಯೊತ್ತಿ ನಿಂತಳು. ಒಳಗೆ ಅಕ್ಕ ತೊಲೆಗಳ ಮೇಲಿನಿಂದ ಸಂದಿನ ಕಡೆಗೆ ಬಗ್ಗಿದಳು. ಅತ್ತು ಬೇಡಿದರೆ ಏನು ಮಾಡಲಿ? ಮೇಸ್ತ್ರಿಯನ್ನು ತಡೆಯಬಹುದು, ಯಜಮಾನನನ್ನು ತಡೆಯಬಹುದು, ಇವಳನ್ನು ಹೇಗೆ ತಡೆಯಲಿ?

“ತೆಗಿ ಅಕ್ಕ,” ಎಂದು ತಂಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಹಟ ಮಾಡ್ಬೇಡ. ಹೇಳಿದ ಮಾತು ಕೇಳು.”

ಹೇಳುತ್ತಿರುವಾಗಲೇ ಅವಳ ಕೈ ಸೆರಗಿನ ಮರೆಯಲ್ಲಿ ಸಂದಿನೊಳಗೆ ಬಂತು. ಐದೂ ಬೆರಳಿದ್ದ ಕೈ. ಆ ಕೈಯಲ್ಲಿ ಸ್ಪ್ಯಾನರಿತ್ತು.

ಅಕ್ಕ ಅದನ್ನು ತೆಗೆದುಕೊಂಡಳು. ತಂಗಿಯ ಬೆರಳುಗಳನ್ನು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟಳು.

“ಅವಳು ಕೇಳಲ್ಲ ಯಜಮಾನ್ರೆ,” ಎಂದು ತಂಗಿ ಈಚೆ ಬಂದಳು. “ಮೊದಲಿಂದ್ಲೂ ಹಟಮಾರಿ.”

“ಸರಿ ಹಾಗಾದ್ರೆ,” ಎಂದ ಯಜಮಾನ. ಅವನ ದನಿ ತಣ್ಣಗಾಗಿತ್ತು. “ಹಸಿ ಮರಾನೇ ಹಾಕು ದೊಡ್ಡಣ್ಣ. ಮುಚ್ಚಳ ಬಿಚ್ಚಿ ಜೋಡಿ ಹೊಡಿ. ಹಿಂದೆ ಇವಳ ತಂಗೀನೇ ನಿಲ್ಲಲಿ. ಒಳಗಿಂದ ಇವಳು ನೋಡ್ತಾ ಇರಲಿ.”

ದೊಡ್ಡಣ್ಣ ಗರಗಸದ ಮುಂದೆ ನಿಂತೇ ಇದ್ದ. ಅವಳ ಬೆರಳು ಹೋದ ದಿನ ಆ ಹಲಗೆಯನ್ನು ತಳ್ಳಿದ್ದು ಅವನ ಕೈ. ಅವನು ಗೋಡೆಯ ಹತ್ತಿರ ಹೋದ. ಮೇನ್ ಸ್ವಿಚ್ಚನ್ನು ಕೆಳಗೆ ಎಳೆದ. ಆಮೇಲೆ ಮರದ ಪುಡಿಯ ಮೇಲೆ, ಕಾಲು ಚಾಚಿ ಕೂತುಬಿಟ್ಟ.

“ಮುಚ್ಚಳ ಬಿಚ್ಚಿದ್ರೆ ನಾನು ತಳ್ಳಲ್ಲ,” ಎಂದ. “ಒಂದು ಸಲ ತಳ್ಳಿದೀನಿ. ಸಾಕು.”

“ನೀನ್ಯಾವ ದೊಡ್ಡ ಮನುಷ್ಯ, ನಾನೇ ಬಿಚ್ತೀನಿ!” ಎಂದು ಮೇಸ್ತ್ರಿ ಮೇಜಿಗೆ ಓಡಿದ. ಸ್ಪ್ಯಾನರಿಗಾಗಿ ತಡಕಿದ. ಮೇಜಿನ ಮೇಲೆ ಇಲ್ಲ, ಕೆಳಗೆ ಇಲ್ಲ, ಪುಡಿಯಲ್ಲಿ ಇಲ್ಲ. ಸಿಕ್ಕಿದ ಬೇರೊಂದು ಸ್ಪ್ಯಾನರನ್ನು ನಟ್ಟಿಗೆ ಕೊಟ್ಟು ಮೈಭಾರವೆಲ್ಲ ಹಾಕಿ ತಿರುಗಿಸಿದ. ಅದು ಜಾರಿತು. ಅವನ ಗೆಣ್ಣುಗಳು ಕಬ್ಬಿಣಕ್ಕೆ ಬಡಿದು ಸುಲಿದವು. ಆ ಮಷೀನಿನ ಮೇಲೆ ಮೇಸ್ತ್ರಿಯ ರಕ್ತ ಬಿದ್ದದ್ದು ಅದೇ ಮೊದಲು. ಯಾರೂ ಅದರ ಮೇಲೆ ಪುಡಿ ಎರಚಲು ಹೋಗಲಿಲ್ಲ.

ಯಜಮಾನ ಅಂಗಳದ ನಡುವೆ ನಿಂತು ಅರಚಿದ. “ಸ್ಪ್ಯಾನರು ಯಾರ ಹತ್ರ ಇದೆ? ಎಲ್ರೂ ಕೈ ತೋರಿಸಿ! ಕೈ ತೋರಿಸ್ರೋ ಅಂದ್ರೆ!”

ಹೊರಗಿದ್ದವರು ಒಬ್ಬೊಬ್ಬರಾಗಿ ಕೈ ಮುಂದೆ ಮಾಡಿದರು. ಖಾಲಿ ಕೈಗಳು. ತಂಗಿಯೂ ತೋರಿಸಿದಳು, ಬೆರಳೆಲ್ಲ ಅಗಲಿಸಿ, ಅಂಗೈ ಒಮ್ಮೆ, ಹಿಂಗೈ ಒಮ್ಮೆ.

ಆಗ ಶೆಡ್ಡಿನ ಸಂದಿನಿಂದ ಒಂದು ಕೈ ಹೊರಗೆ ಬಂತು. ಹೆಬ್ಬೆಟ್ಟಿಲ್ಲದ ಕೈ. ಅದರ ಪಕ್ಕದ ಸಂದಿನಿಂದ ಚರ್ಮ ಸುಲಿದು ಕೆಂಪಾದ ಎರಡು ಕೈ. ಅದರ ಕೆಳಗೆ ಗೆಣ್ಣಿನವರೆಗೆ ಮಾತ್ರ ಉಳಿದ ಬೆರಳುಗಳು, ಮಡಿಸಲು ಬಾರದ ಬೆರಳುಗಳು, ಮುಷ್ಟಿಯಷ್ಟೇ ಇದ್ದ ಒಂದು ಕೈ. ಇಷ್ಟು ವರ್ಷ ಅತಿಥಿಗಳಿಂದ ಬಚ್ಚಿಟ್ಟ ಕೈಗಳೆಲ್ಲ ಗೋಡೆಯ ಉದ್ದಕ್ಕೂ ಬಿಸಿಲಿಗೆ ಬಂದವು. ಹೊರಗಿದ್ದವರಲ್ಲಿ ಎಷ್ಟೋ ಜನ ಅವನ್ನೆಲ್ಲ ಒಟ್ಟಿಗೆ ಕಂಡದ್ದೇ ಇಲ್ಲ. ಯಜಮಾನ ಒಂದು ಹೆಜ್ಜೆ ಹಿಂದೆ ಸರಿದ.

ಕೊನೆಗೆ ಬಾಗಿಲ ಸಂದಿನಿಂದ ಅವಳ ಎಡಗೈ ಬಂತು. ಇನ್ನೇನೂ ಹಿಡಿಯಲ್ಲ ಎಂದು ಮೇಸ್ತ್ರಿ ಹೇಳಿದ್ದ ಕೈ. ಹೆಬ್ಬೆರಳೂ ಉಳಿದೆರಡು ಬೆರಳೂ ಸೇರಿ ಸ್ಪ್ಯಾನರನ್ನು ಹಿಡಿದಿದ್ದವು.

“ಇಲ್ಲಿದೆ,” ಎಂದಳು. “ಬಂದು ಬಿಡಿಸ್ಕೊಳ್ಳಿ.”